ಟ್ರೌಟ್ ತೊರೆಯ ಕೀಟಗಳನ್ನು ಗುರುತಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಕೀಟದ ವೈಜ್ಞಾನಿಕ ಹೆಸರು ಗೊತ್ತಿಲ್ಲದಿದ್ದರೆ ಟ್ರೌಟ್ ಹಿಡಿಯಲು ಆಗುವುದಿಲ್ಲವೇ?

ಧಾರಾಳವಾಗಿ ಹಿಡಿಯಬಹುದು. ಟ್ರೌಟ್ ಎಂಬ ತಣ್ಣೀರಿನ ಮೀನು ತಿನ್ನುವ ಕೀಟವನ್ನು ಹೋಲುವ ಕೃತಕ ಹುಳವನ್ನು (ಇದಕ್ಕೆ ಫ್ಲೈ ಎನ್ನುತ್ತಾರೆ) ಗಾಳಕ್ಕೆ ಕಟ್ಟಿ ಹಿಡಿಯುವುದು ವಾಡಿಕೆ. ಗಾಳ ಹಾಕುವವರಿಗೆ ನಾಲ್ಕು ಸಂಗತಿ ಗೊತ್ತಾದರೆ ಸಾಕು: ಕೀಟ ಯಾವ ಗುಂಪಿನದು, ಯಾವ ಹಂತದಲ್ಲಿದೆ, ಎಷ್ಟು ಉದ್ದವಿದೆ, ನೀರಿನಲ್ಲಿ ಹೇಗೆ ಓಡಾಡುತ್ತದೆ. ಇವುಗಳಲ್ಲಿ ಹಂತಕ್ಕೆ ಮೊದಲ ಸ್ಥಾನ. ಮೇಫ್ಲೈ ಎಂಬ ಒಂದೇ ಕೀಟ ತಳದಲ್ಲಿ ನಿಂಫ್ (ರೆಕ್ಕೆ ಬರುವ ಮುಂಚಿನ ಮರಿ) ಆಗಿ ತೆವಳುವಾಗ, ನೀರಿನ ಮೇಲ್ಪದರದಲ್ಲಿ ಪೊರೆ ಬಿಡಿಸಿಕೊಳ್ಳುವಾಗ, ರೆಕ್ಕೆ ಎತ್ತಿ ತೇಲುವಾಗ, ಮೊಟ್ಟೆಯಿಟ್ಟು ಸತ್ತು ಬೀಳುವಾಗ ಬೇರೆ ಬೇರೆ ರೂಪದಲ್ಲಿರುತ್ತದೆ. ಟ್ರೌಟ್ ಇವುಗಳಲ್ಲಿ ಯಾವುದೋ ಒಂದನ್ನು ಹಿಡಿದು ಕೂತು ಉಳಿದವನ್ನು ಬಿಟ್ಟುಬಿಡುವುದು ಸಾಮಾನ್ಯ. ಜಾತಿಯ ಹೆಸರು ಸರಿ, ಹಂತ ತಪ್ಪು ಎಂದಾದರೆ ಬುಟ್ಟಿ ಖಾಲಿ. ಕುಟುಂಬದ ಮಟ್ಟಕ್ಕೆ ಗುರುತಿಸುವುದನ್ನು ರೂಢಿಸಿಕೊಂಡರೆ ತೊರೆಯಲ್ಲಿ ಎದುರಾಗುವ ಬಹುಪಾಲು ಪ್ರಶ್ನೆಗಳಿಗೆ ಉತ್ತರ ಸಿಗುತ್ತದೆ.

ಯಾವ ಸಾಮಾನು ಬೇಕು?

ಹೆಚ್ಚೇನೂ ಬೇಡ. 0.5 ಮಿ.ಮೀ. ಕಣ್ಣಿನ ಬಲೆ ಒಂದು. ಎರಡು ಕೋಲಿನ ನಡುವೆ ಕಟ್ಟಿದ ಸುಮಾರು ಒಂದು ಮೀಟರ್ ಅಗಲದ ಬಲೆಯಾದರೆ ಇಬ್ಬರು ಬೇಕು. ಹಿಡಿ ಇರುವ, ತಳ ಚಪ್ಪಟೆಯಾದ ಬಲೆಯಾದರೆ ಒಬ್ಬರೇ ನಿಭಾಯಿಸಬಹುದು. ಒಂದು ಬಿಳಿ ತಟ್ಟೆ, ಮೆತ್ತನೆಯ ಬಣ್ಣದ ಕುಂಚ, ತುದಿ ಚೂಪಿಲ್ಲದ ಚಿಮುಟ, 10 ಪಟ್ಟು ಹಿಗ್ಗಿಸುವ ಮಸೂರ, ಮಿಲಿಮೀಟರ್ ಗೀಟಿರುವ ಅಳತೆಪಟ್ಟಿ, ಕೆಲವು ಪುಟ್ಟ ಸೀಸೆ. ಮೇಲೆ ತೇಲುವ ಕೀಟಗಳಿಗಾಗಿ ಅಕ್ವೇರಿಯಂ ಬಲೆಯಂಥ ಚಿಕ್ಕ ಬಲೆಯೊಂದು ಜೇಬಿನಲ್ಲಿರಲಿ. ದುಡ್ಡು ಹಾಕುವುದಾದರೆ ಮಸೂರಕ್ಕೆ ಹಾಕಿ. ಕೀಟದ ಕಾಲಿನ ತುದಿಯಲ್ಲಿ ಉಗುರು ಒಂದೋ ಎರಡೋ ಎಂಬುದು ಅಗ್ಗದ ಮಸೂರದಲ್ಲಿ ಮಸುಕಾಗಿಯೇ ಉಳಿಯುತ್ತದೆ.

ಕೀಟಗಳನ್ನು ಹಿಡಿಯುವ ಕ್ರಮ ಹೇಗೆ?

ಕಲ್ಲುಗಳ ಮೇಲೆ ತೆಳುವಾಗಿ, ನೊರೆಯಾಡುತ್ತ ಹರಿಯುವ ಜಾಗದಿಂದ ಶುರು ಮಾಡಿ. ನೀರು ಮೊಣಕಾಲು ಮೀರಬಾರದು. ಬಲೆಯ ಬಾಯಿ ಹರಿವಿಗೆ ಎದುರಾಗಿರಲಿ, ಕೆಳ ಅಂಚು ತಳಕ್ಕೆ ಅಂಟಿರಲಿ. ಅಂಚಿನಡಿ ಎರಡು ಬೆರಳಷ್ಟು ಸಂದು ಉಳಿದರೂ ಭಾರದ ನಿಂಫ್‌ಗಳು ಅದರಡಿಯೇ ನುಸುಳಿ ಹೋಗುತ್ತವೆ, ಬಲೆಗೆ ಬೀಳುವುದು ಈಜುವ ಹಗುರ ಕೀಟಗಳು ಮಾತ್ರ. ಬಲೆಗಿಂತ ಮೇಲ್ಗಡೆ ಒಂದು ಹೆಜ್ಜೆ ದೂರದಲ್ಲಿ ನಿಂತು ಮೊದಲು ದೊಡ್ಡ ಕಲ್ಲುಗಳನ್ನು ಒಂದೊಂದಾಗಿ ಎತ್ತಿ, ಬಲೆಯ ಬಾಯಿಯಲ್ಲೇ ಕೈಯಿಂದ ಉಜ್ಜಿ, ಪಕ್ಕಕ್ಕಿಡಿ. ಆಮೇಲೆ ಜಲ್ಲಿಯನ್ನು ಕಾಲಿನಿಂದ 30 ಸೆಕೆಂಡು ಕೆದಕಿ. ನದಿಯ ಗುಣಮಟ್ಟ ಅಳೆಯುವ ಸಮೀಕ್ಷೆಗಳಲ್ಲಿ 3 ನಿಮಿಷ ಕೆದಕುವ ಪದ್ಧತಿಯಿದೆ. ಗಾಳ ಹಾಕುವವರಿಗೆ ಅಷ್ಟು ಬೇಕಿಲ್ಲ, ಸುಮ್ಮನೆ ತೊರೆ ಹಾಳು.

ಬಲೆಯನ್ನು ಹರಿವಿಗೆ ಎದುರಾಗಿ ಗೋರಿದಂತೆ ಮೇಲೆತ್ತಿ, 2 ಸೆಂ.ಮೀ. ನೀರಿರುವ ಬಿಳಿ ತಟ್ಟೆಗೆ ಬೋರಲು ಹಾಕಿ. ಎರಡು ನಿಮಿಷ ಅಲುಗಿಸದೆ ಬಿಡಿ. ಕಸ ತಳಕ್ಕಿಳಿದ ಮೇಲೆ ಹುಳಗಳು ತಾವೇ ಕದಲತೊಡಗುತ್ತವೆ. ತಟ್ಟೆ ನೆರಳಿನಲ್ಲಿರಲಿ. ನೀರು ಬಿಸಿಯಾದರೆ ಮೊದಲು ಒದ್ದಾಡುವುದು ಸ್ಟೋನ್‌ಫ್ಲೈಗಳು. ಉಸಿರಿಗೆ ಕೊರತೆಯಾದಾಗ ಅವು ಕಾಲೂರಿ ಮೈಯನ್ನು ಮೇಲೆ ಕೆಳಗೆ ಆಡಿಸುತ್ತವೆ. ಅದು ಕಂಡರೆ ನೀರು ಬದಲಿಸಿ.

ಒಂದೇ ಜಾಗದ ಮಾದರಿ ನಂಬಬೇಡಿ. ಮಡುವಿನ ಅಂಚಿನ ಕೆಸರು, ದಡದ ಬೇರುಗಳ ಗೊಂಚಲು, ಜಲಸಸ್ಯ, ಕೊಳೆತ ಎಲೆಯ ರಾಶಿ ಹೀಗೆ ಒಂದೊಂದು ಕಡೆಯೂ ಒಂದೊಂದು ಸಂಸಾರವಿರುತ್ತದೆ. ಮುಖ್ಯ ಎಚ್ಚರಿಕೆ ಇನ್ನೊಂದಿದೆ: ಸುತ್ತಲಿನ ತಳಕ್ಕಿಂತ ತಿಳಿ ಬಣ್ಣದ, ಪಾಚಿಯಿಲ್ಲದ, ಅಂಡಾಕಾರದ ಜಲ್ಲಿ ಹಾಸು ಕಂಡರೆ ಅಲ್ಲಿ ಕಾಲಿಡಬೇಡಿ. ಅದು ಟ್ರೌಟ್ ಮೊಟ್ಟೆಯಿಟ್ಟ ಜಾಗ.

ತಟ್ಟೆಯಲ್ಲಿ ಹತ್ತಾರು ಹುಳಗಳಿವೆ. ಮೊದಲು ಏನು ನೋಡಲಿ?

ಈ ಕ್ರಮದಲ್ಲಿ ನೋಡಿ:

1. ಕೀಲಿರುವ ಕಾಲು ಇವೆಯೇ? ಇಲ್ಲವಾದರೆ ನೊಣದ ಗುಂಪು: ಮಿಡ್ಜ್, ಬ್ಲ್ಯಾಕ್‌ಫ್ಲೈ, ಕ್ರೇನ್‌ಫ್ಲೈ.
2. ಆರು ಕಾಲಿವೆ. ಎದೆಯ ಬೆನ್ನಿನ ಮೇಲೆ ರೆಕ್ಕೆಮೊಗ್ಗು ಇದೆಯೇ? ಇದ್ದರೆ ಅದು ನಿಂಫ್: ಮೇಫ್ಲೈ, ಸ್ಟೋನ್‌ಫ್ಲೈ, ಡ್ರ್ಯಾಗನ್‌ಫ್ಲೈ, ಡ್ಯಾಮ್ಸೆಲ್‌ಫ್ಲೈ ಇವುಗಳಲ್ಲೊಂದು. ಇಲ್ಲದಿದ್ದರೆ ಲಾರ್ವಾ: ಕ್ಯಾಡಿಸ್, ಆಲ್ಡರ್‌ಫ್ಲೈ ಬಳಗ, ಜೀರುಂಡೆ.
3. ನಿಂಫ್ ಆದರೆ ಕಾಲಿನ ತುದಿಯ ಉಗುರು, ಕಿವಿರಿನ ಜಾಗ, ಕೊನೆಗೆ ಬಾಲ.
4. ಆರಕ್ಕಿಂತ ಹೆಚ್ಚು ಕಾಲಿದ್ದರೆ ಅದು ಕೀಟವೇ ಅಲ್ಲ. ಅದಕ್ಕೆ ಉತ್ತರ ಕೆಳಗಿದೆ.

ತೀರ ಎಳೆಯ ನಿಂಫ್‌ಗೆ ರೆಕ್ಕೆಮೊಗ್ಗು ಇನ್ನೂ ಮೂಡಿರುವುದಿಲ್ಲ. ಆದ್ದರಿಂದ ತಟ್ಟೆಯಲ್ಲಿ ಒಂದೇ ಬಗೆಯವು ಹಲವಿದ್ದರೆ ಅವುಗಳಲ್ಲಿ ದೊಡ್ಡದನ್ನೇ ಎತ್ತಿಕೊಳ್ಳಿ.

ಮೂರು ಬಾಲವಿದ್ದರೆ ಮೇಫ್ಲೈ, ಎರಡಿದ್ದರೆ ಸ್ಟೋನ್‌ಫ್ಲೈ. ಇಷ್ಟೇ ತಾನೆ?

ಬಹುಸಲ ಸರಿ, ಆದರೆ ಕೈ ಕೊಡುವುದೂ ಇಲ್ಲೇ. ಎಪಿಯೋರಸ್ ಎಂಬ ಮೇಫ್ಲೈ ನಿಂಫ್‌ಗೆ ಎರಡೇ ಬಾಲ. ಬೇಟಿಸ್ ಎಂಬ ಇನ್ನೊಂದು ಮೇಫ್ಲೈಯಲ್ಲಿ ನಡುವಿನ ಬಾಲ ಗಿಡ್ಡ, ಅವಸರದಲ್ಲಿ ಕಣ್ಣಿಗೆ ಬೀಳುವುದಿಲ್ಲ. ಬಲೆಯಿಂದ ತಟ್ಟೆಗೆ ಬರುವಷ್ಟರಲ್ಲಿ ಬಾಲ ಮುರಿದುಕೊಂಡ ನಿಂಫ್‌ಗಳಂತೂ ಲೆಕ್ಕವಿಲ್ಲ. ಎಣಿಸುವುದನ್ನು ಕೊನೆಗಿಡಿ.

ನಂಬಬೇಕಾದದ್ದು ಉಗುರನ್ನು. ಮೇಫ್ಲೈ ನಿಂಫ್‌ನ ಪ್ರತಿ ಕಾಲಿನ ತುದಿಯಲ್ಲಿ ಒಂದೇ ಉಗುರು, ಸ್ಟೋನ್‌ಫ್ಲೈಗೆ ಎರಡು. ಕಾಲನ್ನು ಕುಂಚದಿಂದ ಹಗುರಾಗಿ ತಟ್ಟೆಯ ತಳಕ್ಕೆ ಒತ್ತಿ, ಮಸೂರವನ್ನು ಕಣ್ಣಿಗೆ ತಾಗುವಷ್ಟು ಹತ್ತಿರ ಹಿಡಿದು, ತಟ್ಟೆಯ ಕಡೆಗೇ ಬಗ್ಗಿ ನೋಡಿ. ಎರಡು ಉಗುರಿದ್ದರೆ ತುದಿ ಕವಲೊಡೆದಿರುವುದು ಕಾಣುತ್ತದೆ.

ಎರಡನೆಯ ಗುರುತು ಕಿವಿರು. ಮೇಫ್ಲೈ ಕಿವಿರುಗಳು ಉದರದ ಎರಡೂ ಪಕ್ಕದಲ್ಲಿ ಸಾಲಾಗಿರುತ್ತವೆ: ಎಲೆಯಂತೆ, ಕವಲಿನಂತೆ ಅಥವಾ ಗರಿಯಂತೆ. ಸ್ಟೋನ್‌ಫ್ಲೈಗೆ ಕಿವಿರು ಇದ್ದರೆ ಹೆಚ್ಚಾಗಿ ಎದೆಯ ಕೆಳಗೆ, ಕಾಲಿನ ಬುಡದಲ್ಲಿ ಕುಚ್ಚಿನ ರೂಪದಲ್ಲಿರುತ್ತದೆ. ಹಲವು ಸಣ್ಣ ಜಾತಿಗಳಿಗೆ ಹೊರಗೆ ಕಾಣುವ ಕಿವಿರೇ ಇಲ್ಲ. ಅಪವಾದಗಳಿವೆ. ಉತ್ತರ ಅಮೆರಿಕದ ಟೆರೊನಾರ್ಸಿಸ್‌ಗೆ ಉದರದ ಮೊದಲ ಎರಡು ಮೂರು ಖಂಡಗಳ ಅಡಿಯಲ್ಲೂ ಕುಚ್ಚುಗಳಿರುತ್ತವೆ. ನ್ಯೂಜಿಲೆಂಡ್, ಆಸ್ಟ್ರೇಲಿಯಾದ ಸ್ಟೆನೊಪರ್ಲಾ ಬಳಗಕ್ಕೆ ಕಿವಿರು ಉದರದ ಪಕ್ಕದಲ್ಲೇ ಇರುತ್ತದೆ. ಅಲ್ಲಿಯ ಗ್ರಿಪಾಪ್ಟೆರಿಜಿಡೇ ಕುಟುಂಬದಲ್ಲಿ ಬಾಲದ ಬುಡದಲ್ಲಿ ಗೊಂಚಲು. ಉತ್ತರಾರ್ಧಗೋಳದಲ್ಲಿ ಬರೆದ ಕೈಪಿಡಿ ಹಿಡಿದು ದಕ್ಷಿಣಾರ್ಧಗೋಳದ ತೊರೆಗೆ ಇಳಿದವರು ಎಡವುವುದು ಇಲ್ಲಿಯೇ.

ಡ್ಯಾಮ್ಸೆಲ್‌ಫ್ಲೈ ನಿಂಫ್‌ಗೂ ಮೂರು ಬಾಲ ಇದೆಯಲ್ಲ?

ಅವು ಬಾಲವಲ್ಲ, ಎಲೆಯಂತೆ ಅಗಲವಾದ ಮೂರು ಕಿವಿರು. ಉದರದ ಪಕ್ಕದಲ್ಲಿ ಮೇಫ್ಲೈಗಿರುವ ಕಿವಿರಿನ ಸಾಲು ಅದಕ್ಕಿರುವುದಿಲ್ಲ. ಅನುಮಾನ ಉಳಿದರೆ ಮಗುಚಿ ನೋಡಿ: ತಲೆಯಡಿ ಮಡಚಿಟ್ಟ ಉದ್ದನೆಯ ಕೆಳದುಟಿ ಇರುತ್ತದೆ, ಬೇಟೆಯನ್ನು ಅದು ಚಾಚಿ ಹಿಡಿಯುತ್ತದೆ.

ಮೇಫ್ಲೈ ನಿಂಫ್‌ಗಳಲ್ಲಿ ಎಷ್ಟು ಬಗೆ ತಿಳಿದಿರಬೇಕು?

ಗಾಳ ಹಾಕುವವರು ಮೈಕಟ್ಟಿನ ಪ್ರಕಾರ ನಾಲ್ಕು ಬಗೆ ಮಾಡುತ್ತಾರೆ. ವರ್ಗೀಕರಣ ಶಾಸ್ತ್ರದ ದೃಷ್ಟಿಯಿಂದ ಇದು ಒರಟು ವಿಂಗಡಣೆ. ಆದರೆ ಮೈಕಟ್ಟು ನೋಡಿದರೆ ಅದು ಯಾವ ನೀರಿನಲ್ಲಿರುತ್ತದೆ, ಹೇಗೆ ಚಲಿಸುತ್ತದೆ ಎಂಬುದೂ ತಿಳಿಯುವುದರಿಂದ ದಡದಲ್ಲಿ ಇದೇ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಈಜುವವು: ಮೈ ಉರುಟು, ಎರಡೂ ತುದಿ ಸಪೂರ. ತಟ್ಟೆಯಲ್ಲಿ ಮುಟ್ಟಿದರೆ ಪುಟ್ಟ ಮೀನಿನಂತೆ ಚಂಗನೆ ಹಾರುತ್ತವೆ. ಬೇಟಿಡೇ ಕುಟುಂಬ ಇದರಲ್ಲಿ ಮುಖ್ಯ. ತಲೆಯ ಅಗಲದ ಎರಡು ಪಟ್ಟಿಗಿಂತ ಉದ್ದದ ಮೀಸೆ, ಉದರದ 1ರಿಂದ 7ನೇ ಖಂಡದವರೆಗೆ ಅಂಡಾಕಾರದ ಎಲೆಗಿವಿರು ಬೇಟಿಸ್‌ನ ಗುರುತು. ಚಿಕ್ಕದೆಂದು ಕಡೆಗಣಿಸಬೇಡಿ. ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪೀಳಿಗೆ ಬೆಳೆಯುವುದರಿಂದ ಬಹುಪಾಲು ತಿಂಗಳುಗಳಲ್ಲಿ ತೊರೆಯಲ್ಲಿ ಯಾವುದಾದರೂ ಗಾತ್ರದ ಬೇಟಿಸ್ ಇದ್ದೇ ಇರುತ್ತದೆ, ಹರಿವಿನಲ್ಲಿ ಕೊಚ್ಚಿಹೋಗುವ ಕೀಟಗಳಲ್ಲೂ ಅದರದು ಮುಂದಿನ ಸಾಲು. ದೊಡ್ಡ ಗಾತ್ರದ ಈಜುಗಾರ ಐಸೋನಿಕಿಯಾ. ಮುಂಗಾಲಿನ ಒಳಬದಿಯಲ್ಲಿ ಎರಡು ಸಾಲು ಉದ್ದ ಕೂದಲಿರುತ್ತದೆ, ಅದರಿಂದಲೇ ನೀರು ಸೋಸಿ ತಿನ್ನುತ್ತದೆ.

ಕಲ್ಲಿಗಂಟುವವು: ತಲೆ, ಮೈ, ತೊಡೆ ಎಲ್ಲವೂ ಚಪ್ಪಟೆ, ಎರಡೂ ಕಣ್ಣು ನೆತ್ತಿಯ ಮೇಲೆ. ಹೆಪ್ಟಜೀನಿಡೇ ಕುಟುಂಬ. ಕಲ್ಲೆತ್ತಿದ ಕೂಡಲೇ ಏಡಿಯಂತೆ ಅಡ್ಡಡ್ಡ ಓಡಿ ಮತ್ತೊಂದು ಮಗ್ಗುಲಿಗೆ ಸೇರುವುದು ಇದೇ. ತಟ್ಟೆಯ ನೀರಿನಲ್ಲಿ ಬಿಟ್ಟರೆ ಈಜಲಾರದೆ ತಡಬಡಾಯಿಸುತ್ತದೆ.

ತೆವಳುವವು: ಮೈ ತುಸು ದಪ್ಪ, ಕಾಲು ಗಟ್ಟಿ, ಈಜು ನಿಧಾನ. ಎಫೆಮೆರೆಲ್ಲಾದಲ್ಲಿ ಉದರದ 2ನೇ ಖಂಡದಲ್ಲಿ ಕಿವಿರಿಲ್ಲ, 3ರಿಂದ 7ರವರೆಗೆ ಬೆನ್ನಿನ ಮೇಲೆ ಮಲಗಿಸಿದ ಎಲೆಗಿವಿರು. ಪುಟಾಣಿಗಳಾದ ಟ್ರೈಕೊರೈಥೋಡಿಸ್ ಮತ್ತು ಸೀನಿಸ್‌ಗಳಲ್ಲಿ ಮುಂದಿನ ಜೋಡಿ ಕಿವಿರು ಮುಚ್ಚಳದಂತೆ ಬೆಳೆದು ಹಿಂದಿನ ಕಿವಿರುಗಳನ್ನು ಕೆಸರಿನಿಂದ ಕಾಯುತ್ತದೆ. ಮುಚ್ಚಳ ತ್ರಿಕೋನವಾದರೆ ಟ್ರೈಕೊರೈಥೋಡಿಸ್, ಚೌಕವಾಗಿ ನಡುವೆ ಒಂದರ ಮೇಲೊಂದು ಬಂದಿದ್ದರೆ ಸೀನಿಸ್. ಕವಲೊಡೆದ ಕಿವಿರಿರುವ ಲೆಪ್ಟೊಫ್ಲೆಬಿಡೇ ಕುಟುಂಬವನ್ನೂ ಹಲವರು ಈ ಬಗೆಗೇ ಸೇರಿಸುತ್ತಾರೆ. ನ್ಯೂಜಿಲೆಂಡಿನ ತೊರೆಗಳಲ್ಲಿ ತುಂಬಿರುವ ಡೆಲಿಯಾಟಿಡಿಯಂ ಈ ಕುಟುಂಬದ್ದೇ, ಆದರೆ ಮೈ ಮಾತ್ರ ಕಲ್ಲಿಗಂಟುವ ಬಗೆಯಂತೆ ಚಪ್ಪಟೆ.

ಬಿಲ ತೋಡುವವು: ಬಾಯಿಯಿಂದ ಮುಂದಕ್ಕೆ ಚಾಚಿದ ಜೋಡಿ ಕೋರೆ, ಅಗೆಯುವ ಮುಂಗಾಲು, ಬೆನ್ನಿನ ಮೇಲೆ ಅಲೆಯಾಡುವ ಗರಿಗಿವಿರು. ಯುರೋಪಿನ ಎಫೆಮೆರಾ ಡ್ಯಾನಿಕಾ, ಉತ್ತರ ಅಮೆರಿಕದ ಹೆಕ್ಸಜೀನಿಯಾ ಇದಕ್ಕೆ ಉದಾಹರಣೆ. ಇವುಗಳಿಗೆ ಬಲೆಯನ್ನು ಹರಿಯುವ ನೀರಿನಲ್ಲಲ್ಲ, ಕೆಸರು ಅಥವಾ ಸಣ್ಣ ಮರಳಿನ ತಳದಲ್ಲಿ ಹಾಕಬೇಕು.

ನಿಂಫ್‌ಗೆ ಮೂರು ಬಾಲ ಇತ್ತು, ಹಾರುವ ಕೀಟಕ್ಕೆ ಎರಡೇ ಇದೆ. ಬೇರೆ ಜಾತಿಯೇ?

ಇರಲಿಕ್ಕಿಲ್ಲ. ಬೇಟಿಡೇ ಮತ್ತು ಹೆಪ್ಟಜೀನಿಡೇ ಕುಟುಂಬಗಳಲ್ಲಿ, ಹೆಕ್ಸಜೀನಿಯಾದಲ್ಲೂ, ನಡುವಿನ ಬಾಲ ಪ್ರೌಢ ಹಂತದಲ್ಲಿ ಉಳಿಯುವುದಿಲ್ಲ. ಎಫೆಮೆರೆಲ್ಲಾ, ಸೀನಿಸ್, ಎಫೆಮೆರಾಗಳಲ್ಲಿ ಮೂರೂ ಉಳಿಯುತ್ತವೆ. ಹಾರುವ ಮೇಫ್ಲೈಗಳಲ್ಲಿ ಹಿಂದಿನ ರೆಕ್ಕೆಯನ್ನೂ ನೋಡಿ: ಬೇಟಿಸ್‌ಗೆ ಅದು ಇದೆಯೋ ಇಲ್ಲವೋ ಎಂಬಷ್ಟು ಚಿಕ್ಕದು, ಟ್ರೈಕೊರೈಥೋಡಿಸ್ ಮತ್ತು ಸೀನಿಸ್‌ಗೆ ಇಲ್ಲವೇ ಇಲ್ಲ.

ಡನ್ ಮತ್ತು ಸ್ಪಿನ್ನರ್ ನಡುವಿನ ವ್ಯತ್ಯಾಸವೇನು?

ರೆಕ್ಕೆ ಬಂದ ಮೇಲೂ ಇನ್ನೊಮ್ಮೆ ಪೊರೆ ಕಳಚುವ ಕೀಟ ಮೇಫ್ಲೈ ಮಾತ್ರ. ನೀರಿನಿಂದ ಎದ್ದ ಮೊದಲ ರೆಕ್ಕೆಯ ಹಂತ ಡನ್: ರೆಕ್ಕೆ ಮಂಕು, ಬೆಳಕು ಆಚೆ ತೂರದು, ಅಂಚಿನಲ್ಲಿ ಸೂಕ್ಷ್ಮ ಕೂದಲು, ಹಾರಾಟ ತೊಡಕು. ದಡದ ಗಿಡಗಳಲ್ಲಿ ಕುಳಿತು, ಜಾತಿಗನುಗುಣವಾಗಿ ಕೆಲವೇ ನಿಮಿಷಗಳಿಂದ ಒಂದೆರಡು ದಿನದೊಳಗೆ ಪೊರೆ ಕಳಚಿ ಸ್ಪಿನ್ನರ್ ಆಗುತ್ತದೆ. ಸ್ಪಿನ್ನರ್‌ನ ರೆಕ್ಕೆ ಗಾಜಿನಂತೆ ತಿಳಿ, ಮೈ ಹೊಳಪು, ಬಾಲ ಇನ್ನಷ್ಟು ಉದ್ದ. ಎರಡೂ ಹಂತದಲ್ಲಿ ಆಹಾರ ತಿನ್ನುವುದಿಲ್ಲ. ಗಂಡಿಗೆ ದೊಡ್ಡ ಕಣ್ಣು, ಉದ್ದ ಮುಂಗಾಲು, ಉದರದ ತುದಿಯಲ್ಲಿ ಹೆಣ್ಣನ್ನು ಹಿಡಿಯಲು ಜೋಡಿ ಕೊಂಡಿ. ಬೇಟಿಸ್ ಗಂಡಿನ ಕಣ್ಣಿನ ಮೇಲ್ಭಾಗ ಬುಗುರಿಯಂತೆ ಎದ್ದು ನಿಂತಿರುತ್ತದೆ. ಒಮ್ಮೆ ಮಸೂರದಲ್ಲಿ ಕಂಡರೆ ಮರೆಯುವುದಿಲ್ಲ.

ನೀರಿನ ಮೇಲೆ ಡನ್‌ಗಳು ತೇಲುತ್ತಿವೆ, ಮೀನು ಏಳುತ್ತಿದೆ, ಆದರೆ ಡನ್ ಹೋಲುವ ಫ್ಲೈ ಮುಟ್ಟುತ್ತಿಲ್ಲ. ಯಾಕೆ?

ಹೆಚ್ಚಿನ ಸಲ ಕಾರಣ ಮೂರರಲ್ಲಿ ಒಂದು.

ಮೀನು ತಿನ್ನುತ್ತಿರುವುದು ಮೇಲ್ಪದರದಲ್ಲಿ ಅರ್ಧ ಪೊರೆ ಬಿಟ್ಟ ಕೀಟವನ್ನು. ಮೀನಿನ ಬೆನ್ನು, ಬೆನ್ನಿನ ಈಜುರೆಕ್ಕೆ, ಬಾಲ ಕಂಡು ಮೂತಿ ಕಾಣದಿದ್ದರೆ ಇದೇ ಎಂದುಕೊಳ್ಳಿ. ತೇಲುತ್ತಿರುವ ಒಂದು ಡನ್ ಮೇಲೆ ಕಣ್ಣಿಟ್ಟು ಅದು ಮೀನಿನ ಜಾಗ ದಾಟುವವರೆಗೆ ನೋಡಿ. ಸತತ ನಾಲ್ಕೈದು ಡನ್‌ಗಳು ಮೀನಿನ ತಲೆಯ ಮೇಲೇ ಸುರಕ್ಷಿತವಾಗಿ ಹೋದರೆ ಅನುಮಾನ ಬೇಡ.

ಎರಡನೆಯದು, ದೊಡ್ಡ ಕೀಟದ ನಡುವೆ ಚಿಕ್ಕದು ಮರೆಯಾಗಿರುವುದು. ನಿಂತಲ್ಲಿಂದ ಕಾಣುವುದು ದೊಡ್ಡವೇ. ಚಿಕ್ಕ ಬಲೆಯನ್ನು ಅರ್ಧ ನೀರೊಳಗೆ, ಅರ್ಧ ಮೇಲೆ ಇರುವಂತೆ ಒಂದೆರಡು ನಿಮಿಷ ಹರಿವಿಗೆ ಹಿಡಿದರೆ ಗುಟ್ಟು ಹೊರಬೀಳುತ್ತದೆ.

ಮೂರನೆಯದು ಸ್ಪಿನ್ನರ್. ಮೊಟ್ಟೆಯಿಟ್ಟು ರೆಕ್ಕೆ ಚಾಚಿ ಮೇಲ್ಪದರದಲ್ಲಿ ಅಂಟಿಕೊಂಡ ಸ್ಪಿನ್ನರ್ ದೂರದಿಂದ ಕಾಣುವುದೇ ಇಲ್ಲ. ಸದ್ದಿಲ್ಲದೆ ಹೀರುವಂತೆ, ಸಣ್ಣ ಉಂಗುರವಷ್ಟೇ ಮೂಡಿಸಿ ಮೀನು ತಿನ್ನುತ್ತಿದ್ದರೆ, ಅದೂ ಸಂಜೆಯಾದರೆ, ನೀರಿನ ಮಟ್ಟಕ್ಕೆ ಕಣ್ಣು ತಂದು ನೋಡಿ.

ಎಪಿಯೋರಸ್‌ನದು ಬೇರೆಯೇ ದಾರಿ. ಅದು ಪೊರೆಯನ್ನು ತಳದ ಕಡೆಯೇ ಬಿಟ್ಟು, ರೆಕ್ಕೆ ಬಂದ ರೂಪದಲ್ಲಿ ನೀರಿನ ಮೂಲಕ ಮೇಲೇರುತ್ತದೆ. ಅದರ ಕಾಲದಲ್ಲಿ ಮುಳುಗಿಸಿದ, ರೆಕ್ಕೆಯಿರುವ ಫ್ಲೈಯೇ ಕೆಲಸ ಮಾಡುವುದು.

ಸ್ಟೋನ್‌ಫ್ಲೈ ನೀರಿನ ಮೇಲೆ ಎದ್ದು ಬರುವುದನ್ನು ಕಾಣಲು ಎಲ್ಲಿ ನಿಲ್ಲಬೇಕು?

ನೀರಿನ ಮೇಲೆ ಕಾಯಬೇಡಿ. ಬೆಳೆದ ನಿಂಫ್ ತಳದಲ್ಲೇ ತೆವಳಿ ದಡಕ್ಕೆ ಬಂದು, ಕಲ್ಲನ್ನೋ ಕಾಂಡವನ್ನೋ ಹಿಡಿದು ಪೊರೆ ಕಳಚುತ್ತದೆ. ಬಂಡೆಗಳ ನೀರಿನಂಚಿನಲ್ಲಿ ಬೆನ್ನು ಸೀಳಿದ ಖಾಲಿ ಪೊರೆಗಳು ಕಂಡರೆ ನಿಂಫ್‌ಗಳ ದಂಡು ದಡದತ್ತ ಹೊರಟಿದೆ ಎಂದರ್ಥ. ಆಗ ಫ್ಲೈ ಬೀಳಬೇಕಾದದ್ದು ದಡದಂಚಿನ ತಳದಲ್ಲಿ. ಪೊರೆ ಒದ್ದೆಯಾಗಿ ಮೆತ್ತಗಿದ್ದರೆ ಹೊಸದು. ಗರಿಗರಿಯಾಗಿ ಒಣಗಿದ್ದರೆ ಹಳೆಯದು, ಅದನ್ನು ನಂಬಿ ಹೊರಟರೆ ತಡವಾಗಿರಲೂಬಹುದು. ಪೊರೆಯಲ್ಲಿ ಉಗುರು, ಕಿವಿರು, ರೆಕ್ಕೆಮೊಗ್ಗಿನ ಆಕಾರ ಎಲ್ಲವೂ ಉಳಿದಿರುತ್ತದೆ. ಗುರುತಿಸಲು ಇದಕ್ಕಿಂತ ಸಲೀಸಾದ ಮಾದರಿ ಸಿಗದು, ಹುಳಕ್ಕೂ ಹಾನಿಯಿಲ್ಲ.

ಎದೆಯ ಮೂರೂ ಖಂಡಗಳಡಿ ಪೊದೆಯಂಥ ಕಿವಿರು, ಮೈ ಮೇಲೆ ಹಳದಿ ಕಂದು ಚಿತ್ತಾರ ಇದ್ದರೆ ಪರ್ಲಿಡೇ. ಅಂಥದೇ ಚಿತ್ತಾರವಿದ್ದು ಪೊದೆಗಿವಿರು ಇಲ್ಲದಿದ್ದರೆ ಪರ್ಲೊಡಿಡೇ. ಕಡುಗಂದು, 50 ಮಿ.ಮೀ. ತನಕ ಬೆಳೆಯುವ, ಉದರದಡಿಯೂ ಕುಚ್ಚಿರುವುದು ಟೆರೊನಾರ್ಸಿಸ್. ಇದರ ನಿಂಫ್ ನೀರಿನಲ್ಲಿ 3–4 ವರ್ಷ ಕಳೆಯುವುದರಿಂದ ಯಾವ ತಿಂಗಳಲ್ಲಿ ಬಲೆ ಹಾಕಿದರೂ ಒಂದಕ್ಕಿಂತ ಹೆಚ್ಚು ಗಾತ್ರದವು ಸಿಗುತ್ತವೆ. ಕ್ಯಾಪ್ನಿಡೇಯಂಥ ಚಿಕ್ಕ, ಕಪ್ಪು ಸ್ಟೋನ್‌ಫ್ಲೈಗಳು ಚಳಿಗಾಲದ ಕೊನೆಯಲ್ಲಿ ಮಂಜಿನ ಮೇಲೆ ನಡೆದಾಡುವುದೂ ಉಂಟು.

ಕ್ಯಾಡಿಸ್ ಲಾರ್ವಾ ಎಂದರೆ ಗೂಡಿನಲ್ಲಿರುವ ಹುಳ ತಾನೆ?

ಗೂಡು ಕಟ್ಟದವೂ ಇವೆ, ಮೀನಿನ ಹೊಟ್ಟೆ ಸೇರುವುದರಲ್ಲಿ ಅವುಗಳ ಪಾಲು ದೊಡ್ಡದು. ಎಲ್ಲ ಕ್ಯಾಡಿಸ್ ಲಾರ್ವಾಗಳಿಗೂ ಗಟ್ಟಿ ತಲೆ, ಆರು ಕಾಲು, ಮೆತ್ತನೆಯ ಉದರ, ಬಾಲದ ಕಡೆ ಒಂದೊಂದು ಕೊಕ್ಕೆಯಿರುವ ಎರಡು ತೊಡರುಗಾಲು ಇರುತ್ತವೆ.

ಗೂಡಿಲ್ಲದವುಗಳನ್ನು ಬಿಡಿಸಲು ಎದೆಯ ಬೆನ್ನು ನೋಡಿ. ಮೂರೂ ಖಂಡಗಳ ಮೇಲೆ ಕಂದು ಫಲಕವಿದ್ದು, ಉದರದಡಿ ಕವಲೊಡೆದ ಕಿವಿರು, ತೊಡರುಗಾಲಿನಲ್ಲಿ ಕೂದಲಿನ ಕುಚ್ಚು ಇದ್ದರೆ ಹೈಡ್ರೋಸೈಕಿಡೇ, ಅಂದರೆ ಕಲ್ಲುಗಳ ನಡುವೆ ಬಲೆ ನೇಯ್ದು ಆಹಾರ ಹಿಡಿಯುವ ಬಳಗ. ಮೊದಲ ಖಂಡದ ಮೇಲೆ ಮಾತ್ರ ಪೂರ್ತಿ ಫಲಕವಿದ್ದು, ಮೈ ಹೆಚ್ಚಾಗಿ ಹಸಿರಾಗಿ, ಖಂಡಗಳ ನಡುವೆ ಸೊಂಟ ಕಟ್ಟಿದಂತಿದ್ದರೆ ರಯಾಕೊಫಿಲಾ, ಬಲೆಯಿಲ್ಲದೆ ಅಲೆದು ಬೇಟೆಯಾಡುವ ಹುಳ. ಹಳದಿಯೋ ಕಿತ್ತಳೆಯೋ ಬಣ್ಣದ ತಲೆ, ಬಿಳಿಚಿದ ಮೈ ಇದ್ದು, ಕಲ್ಲಿನಡಿ ಬೆರಳ ಚೀಲದಂಥ ಬಲೆಯಲ್ಲಿ ಸಿಕ್ಕಿದರೆ ಫಿಲೊಪೊಟಮಿಡೇ. ಹಸಿರು ಹುಳವೆಲ್ಲ ಒಂದೇ ಎನ್ನುವುದು ಸಾಮಾನ್ಯ ತಪ್ಪು. ಹೈಡ್ರೋಸೈಕಿಡೇಯಲ್ಲೂ ಹಸಿರಿನವು ಬೇಕಾದಷ್ಟಿವೆ.

ಗೂಡಿನವುಗಳಲ್ಲಿ ಗೂಡೇ ಅರ್ಧ ಗುರುತು. ಗಿಡದ ಚೂರುಗಳಿಂದ ಚೌಕಾಕಾರದ ಕೊಳವೆ, ಬಾಯಿ ಅಗಲ, ಬುಡ ಸಪೂರ: ಬ್ರಾಕಿಸೆಂಟ್ರಸ್. ಸಣ್ಣ ಕಲ್ಲುಗಳ ಗುಮ್ಮಟ, ಕೆಳಗಡೆ ಎರಡು ಬಾಯಿ: ಗ್ಲೊಸೊಸೋಮಾ. ಬಸವನಹುಳುವಿನ ಚಿಪ್ಪಿನಂತೆ ಸುರುಳಿಯಾದ ಮರಳಿನ ಗೂಡು: ಹೆಲಿಕೊಸೈಕಿ. ಕಡ್ಡಿ, ಎಲೆ, ಕಲ್ಲು ಯಾವುದನ್ನೂ ಬಿಡದ ದೊಡ್ಡ ಒರಟು ಗೂಡುಗಳಲ್ಲಿ ಬಹಳಷ್ಟು ಲಿಮ್ನೆಫಿಲಿಡೇ ಬಳಗದವು. ಆದರೆ ಬೆಳೆಯುತ್ತ ಗೂಡಿನ ಸಾಮಗ್ರಿ ಬದಲಿಸುವ ಜಾತಿಗಳೂ ಇರುವುದರಿಂದ ಗೂಡನ್ನಷ್ಟೇ ನೋಡಿ ತೀರ್ಪು ಕೊಡಬೇಡಿ.

ಕ್ಯಾಡಿಸ್ ಯಾವಾಗ ಹಾರುತ್ತದೆಂದು ಮೊದಲೇ ತಿಳಿಯಬಹುದೇ?

ಎರಡೂ ತುದಿ ಮುಚ್ಚಿ ಕಲ್ಲಿಗೆ ಅಂಟಿಸಿದ ಗೂಡುಗಳನ್ನು ಹುಡುಕಿ, ಒಳಗೆ ಪ್ಯೂಪಾ ಇರುತ್ತದೆ. ಗೂಡಿಲ್ಲದ ಬಳಗವೂ ಈ ಹಂತಕ್ಕೆ ಸಣ್ಣ ಕಲ್ಲುಗಳ ಗುಮ್ಮಟ ಕಟ್ಟಿಕೊಳ್ಳುತ್ತದೆ. ಒಂದನ್ನು ಉಗುರಿನಿಂದ ಬಿಡಿಸಿ. ಪ್ಯೂಪಾ ಬಿಳಿಚಿದ್ದು ಕಣ್ಣಿಗೆ ಬಣ್ಣ ಬಂದಿರದಿದ್ದರೆ ಇನ್ನೂ ಸಮಯವಿದೆ. ಕಣ್ಣು ಕಪ್ಪಾಗಿ, ರೆಕ್ಕೆಕೋಶ ಕಡುಬಣ್ಣಕ್ಕೆ ತಿರುಗಿ, ಒಳಗೆ ಪ್ರೌಢ ಕೀಟದ ಕೂದಲು ಕಾಣುತ್ತಿದ್ದರೆ ದಿನಗಳ ಮಾತು. ಬಿಡಿಸಿದ ಗೂಡಿನ ತಳವನ್ನೂ ನೋಡಿ: ಲಾರ್ವಾ ಕಳಚಿಟ್ಟ ತಲೆ, ಎದೆ ಫಲಕಗಳ ಚೂರು ಅಲ್ಲೇ ಉಳಿದಿರುತ್ತವೆ. ಯಾವ ಲಾರ್ವಾ ಯಾವ ಪ್ರೌಢ ಕೀಟವಾಗುತ್ತದೆ ಎಂದು ಜೋಡಿಸಲು ತಜ್ಞರೂ ಇದನ್ನೇ ಬಳಸುತ್ತಾರೆ.

ಹೊರಬಂದ ಪ್ಯೂಪಾ ಕೂದಲಿನ ಅಂಚಿರುವ ನಡುಗಾಲುಗಳಿಂದ ಹುಟ್ಟು ಹಾಕುತ್ತ ಮೇಲೇರುತ್ತದೆ. ಅದನ್ನು ಅಟ್ಟಿಸಿಕೊಂಡು ಬರುವ ಟ್ರೌಟ್ ರಭಸಕ್ಕೆ ನೀರಿನಿಂದ ಹೊರಗೂ ಚಿಮ್ಮುತ್ತದೆ. ಮೀನು ನೀರೆರಚುತ್ತ ಎದ್ದರೆ ಕ್ಯಾಡಿಸ್ ಎನ್ನುವ ಊಹೆಗೆ ಇದು ಆಧಾರ, ಖಾತ್ರಿಯಲ್ಲ.

ದಡದ ಪೊದೆಯಲ್ಲಿ ಕಂದು ಬಣ್ಣದ ಹಾರುವ ಕೀಟ ಸಿಕ್ಕಿದೆ. ಕ್ಯಾಡಿಸ್ಸೋ ಸ್ಟೋನ್‌ಫ್ಲೈಯೋ ಪತಂಗವೋ?

ಕುಳಿತಾಗ ರೆಕ್ಕೆ ಹೇಗಿದೆ ನೋಡಿ. ಕ್ಯಾಡಿಸ್ ಮನೆಯ ಮಾಡಿನಂತೆ ಎರಡು ಕಡೆ ಇಳಿಜಾರಾಗಿ ಮಡಚುತ್ತದೆ, ರೆಕ್ಕೆ ಮೇಲೆ ಸೂಕ್ಷ್ಮ ಕೂದಲು, ಉದ್ದ ಮೀಸೆ, ಬಾಲವಿಲ್ಲ. ಪತಂಗದ ರೆಕ್ಕೆ ಮೇಲೆ ಹುಡಿ ಇರುತ್ತದೆ, ಬೆರಳಿಗೆ ಅಂಟುತ್ತದೆ. ಬಹುಪಾಲಿಗೆ ಸುರುಳಿ ಸುತ್ತಿದ ಹೀರುಗೊಳವೆಯೂ ಉಂಟು. ಸ್ಟೋನ್‌ಫ್ಲೈ ರೆಕ್ಕೆಗಳನ್ನು ಬೆನ್ನ ಮೇಲೆ ಒಂದರ ಮೇಲೊಂದು ಚಪ್ಪಟೆಯಾಗಿಡುತ್ತದೆ, ಲೂಕ್ಟ್ರಿಡೇ ಬಳಗದವು ಮೈಗೆ ಸುತ್ತಿಕೊಳ್ಳುತ್ತವೆ. ಕೆಲವು ಸಣ್ಣ ಸ್ಟೋನ್‌ಫ್ಲೈಗಳ ಬಾಲ ಕಾಣದಷ್ಟು ಗಿಡ್ಡ, ಬಾಲವಿಲ್ಲವೆಂದು ಕ್ಯಾಡಿಸ್ ಎನ್ನಬೇಡಿ. ಆಲ್ಡರ್‌ಫ್ಲೈಯೂ ಮಾಡಿನಂತೆಯೇ ಮಡಚುತ್ತದೆ, ಆದರೆ ರೆಕ್ಕೆಯಲ್ಲಿ ಕೂದಲಿಲ್ಲ, ದಪ್ಪ ನರಗಳು ಎದ್ದು ಕಾಣುತ್ತವೆ.

ಕಾಲಿಲ್ಲದ ಹುಳಗಳನ್ನು ಬಿಡಿಸುವುದು ಹೇಗೆ?

ಸಪೂರ ಮೈ, ಸ್ಪಷ್ಟ ತಲೆ, ತಲೆಯ ಹಿಂದೊಂದು ಬಾಲದ ಬಳಿಯೊಂದು ಜೋಡಿ ಮೊಂಡುಗಾಲು: ಮಿಡ್ಜ್, ಅಂದರೆ ಕೈರೊನೊಮಿಡೇ. ಕೆಲವು ಕೆಂಪಗಿರುವುದು ಹಿಮೋಗ್ಲೋಬಿನ್‌ನಿಂದ. ಆಮ್ಲಜನಕ ಕಡಿಮೆಯಿರುವ ಕೆಸರಿನಲ್ಲಿ ಬದುಕಲು ಅದು ನೆರವಾಗುತ್ತದೆ. ಹಲವು ಮಿಡ್ಜ್ ಪ್ಯೂಪಾಗಳ ತಲೆಯ ಬಳಿ ಬಿಳಿ ಕುಚ್ಚು ಇರುತ್ತದೆ, ಮೇಲ್ಪದರಕ್ಕೆ ಜೋತುಬಿದ್ದು ಕಾಯುತ್ತವೆ. ಮೀನು ತಿನ್ನುವುದು ಹೆಚ್ಚಾಗಿ ಈ ಹಂತವನ್ನೇ.

ಹಿಂಭಾಗ ಉಬ್ಬಿ, ಅದರಿಂದಲೇ ಕಲ್ಲಿಗೆ ಅಂಟಿ, ತಲೆಯ ಮೇಲೆ ಜೋಡಿ ಬೀಸಣಿಗೆ ಬಿಚ್ಚಿ ನಿಂತಿರುವುದು ಬ್ಲ್ಯಾಕ್‌ಫ್ಲೈ. ಬೆರಳು ಗಾತ್ರದ, ತೊಗಲಿನಂಥ ಮೈಯ, ತಲೆಯನ್ನು ಒಳಕ್ಕೆಳೆದುಕೊಳ್ಳುವ, ಬಾಲದ ತುದಿಯಲ್ಲಿ ಎರಡು ಉಸಿರುರಂಧ್ರಗಳ ಸುತ್ತ ಮೆತ್ತನೆಯ ಚಾಚುಗಳಿರುವುದು ಕ್ರೇನ್‌ಫ್ಲೈ. ಮಳೆ ಬಂದು ನೀರು ಏರಿದಾಗ ಇದನ್ನು ನೆನಪಿಸಿಕೊಳ್ಳಿ.

ದೊಡ್ಡ ದವಡೆ, ಪಕ್ಕದಲ್ಲಿ ಕಾಲಿನಂಥ ಎಳೆಗಳಿರುವ ಹುಳ ಯಾವುದು?

ಉದರದ ಪಕ್ಕ 8 ಜೋಡಿ ಎಳೆ, ಬಾಲದಲ್ಲಿ ತಲಾ ಎರಡು ಕೊಕ್ಕೆಯ ಜೋಡಿ ತೊಡರುಗಾಲು ಇದ್ದರೆ ಡಾಬ್ಸನ್‌ಫ್ಲೈ ಬಳಗದ ಲಾರ್ವಾ, ಹೆಲ್‌ಗ್ರಮೈಟ್. ತಲೆಯ ಹಿಂದೆ ಹಿಡಿಯಿರಿ, ಕಚ್ಚುತ್ತದೆ. 7 ಜೋಡಿ ಎಳೆ, ಕೊನೆಗೆ ಒಂಟಿ ಉದ್ದ ಬಾಲವಿದ್ದರೆ ಆಲ್ಡರ್‌ಫ್ಲೈ.

ಆರಕ್ಕಿಂತ ಹೆಚ್ಚು ಕಾಲಿರುವವು?

ಕಠಿಣಚರ್ಮಿಗಳು. ಮೈ ಪಕ್ಕದಿಂದ ಒತ್ತಿದಂತಿದ್ದು ಒಂದು ಮಗ್ಗುಲಾಗಿ ಈಜಿದರೆ ಗಮ್ಮಾರಸ್‌ನಂಥ ಸ್ಕಡ್. ಮೇಲಿನಿಂದ ಒತ್ತಿದಂತೆ ಚಪ್ಪಟೆಯಾಗಿ ತೆವಳಿದರೆ ಅಸೆಲಸ್ ಬಳಗ. ಸುಣ್ಣದಂಶ ಹೆಚ್ಚಿರುವ, ಜಲಸಸ್ಯ ತುಂಬಿದ ತೊರೆಗಳಲ್ಲಿ ಸ್ಕಡ್ ವರ್ಷವಿಡೀ ಟ್ರೌಟ್‌ನ ಆಹಾರ, ಹ್ಯಾಚ್‌ಗೆ, ಅಂದರೆ ಕೀಟಗಳು ಒಟ್ಟಾಗಿ ರೆಕ್ಕೆ ಬಂದು ನೀರಿನಿಂದ ಏಳುವ ಹೊತ್ತಿಗೆ, ಕಾಯಬೇಕಿಲ್ಲ.

ಅಳತೆ, ಬಣ್ಣ ಹೇಗೆ ನೋಡಬೇಕು?

ಉದ್ದವೆಂದರೆ ತಲೆಯ ಮುಂದಿನಿಂದ ಉದರದ ತುದಿಯವರೆಗೆ. ಮೀಸೆ, ಬಾಲ ಲೆಕ್ಕಕ್ಕಿಲ್ಲ. ಪ್ರೌಢ ಕ್ಯಾಡಿಸ್‌ನ ರೆಕ್ಕೆ ಮೈಗಿಂತ ಉದ್ದ, ರೆಕ್ಕೆಯ ತುದಿಗೆ ಅಳೆದರೆ ಫ್ಲೈಯ ಮೈ ಒಂದೆರಡು ಗಾತ್ರ ದೊಡ್ಡದಾಗುತ್ತದೆ. ಎರಡನ್ನೂ ಬೇರೆ ಬೇರೆ ಬರೆದುಕೊಳ್ಳಿ. ಗಾಳದ ಕೊಕ್ಕೆಯ ಗಾತ್ರಸಂಖ್ಯೆ ಹೆಚ್ಚಾದಷ್ಟು ಕೊಕ್ಕೆ ಚಿಕ್ಕದು ಎಂಬುದು ಸರಿ, ಆದರೆ ಒಂದೇ ಸಂಖ್ಯೆಯ ಕೊಕ್ಕೆ ತಯಾರಕರಿಂದ ತಯಾರಕರಿಗೆ ಬೇರೆ ಉದ್ದವಿರುತ್ತದೆ. ಡಬ್ಬಿಯಲ್ಲಿರುವ ಕೊಕ್ಕೆಗಳನ್ನೇ ಒಮ್ಮೆ ಮಿಲಿಮೀಟರಿನಲ್ಲಿ ಅಳೆದಿಟ್ಟುಕೊಳ್ಳಿ. ತಟ್ಟೆಯಲ್ಲಿ ಒಂದೊಂದೇ ಹುಳ ನೋಡಿದರೆ ಅದು ಇರುವುದಕ್ಕಿಂತ ದೊಡ್ಡದೆನಿಸುತ್ತದೆ, ಅಳೆಯದೆ ಅಂದಾಜು ಮಾಡಬೇಡಿ.

ಬಣ್ಣವನ್ನು ಜೀವಂತವಿರುವಾಗ, ಒದ್ದೆಯಿರುವಾಗ ನೋಡಿ. ತೇಲುವ ಕೀಟದ ಕೆಳಮೈ ಮುಖ್ಯ, ಮೀನಿಗೆ ಕಾಣುವುದು ಅದು. ಆಗತಾನೆ ಪೊರೆ ಬಿಟ್ಟ ನಿಂಫ್ ಕೆನೆ ಬಣ್ಣದ್ದಾಗಿರುತ್ತದೆ, ಬೇರೆ ಜಾತಿಯೆಂದು ಬರೆದುಕೊಳ್ಳಬೇಡಿ. ರೆಕ್ಕೆಮೊಗ್ಗು ಉಬ್ಬಿ ಕಪ್ಪಾಗಿದ್ದರೆ ಆ ನಿಂಫ್ ಏಳುವ ಹೊತ್ತು ಹತ್ತಿರವಾಗಿದೆ, ಅಂದು ಅನುಕರಿಸಬೇಕಾದದ್ದು ಅದನ್ನೇ.

ಹ್ಯಾಚ್ ಪಟ್ಟಿಗಳನ್ನು ನಂಬಬಹುದೇ?

ಯಾವುದರ ನಂತರ ಯಾವುದು ಎಂಬ ಕ್ರಮಕ್ಕೆ ನಂಬಬಹುದು, ತಾರೀಕಿಗೆ ಬೇಡ. ಕೀಟದ ಬೆಳವಣಿಗೆ ನೀರಿನ ಶಾಖವನ್ನು ಅನುಸರಿಸುತ್ತದೆ. ಬೆಚ್ಚಗಿನ ವಸಂತದಲ್ಲಿ ಹ್ಯಾಚ್ ಮುಂದಾಗುತ್ತದೆ, ಎತ್ತರದ ಜಾಗಕ್ಕೆ ಹೋದಂತೆ ಹಿಂದಾಗುತ್ತದೆ, ಅಣೆಕಟ್ಟಿನ ತಳದಿಂದ ತಣ್ಣೀರು ಬಿಡುವ ಕಡೆ ಪಟ್ಟಿಗೂ ತೊರೆಗೂ ತಾಳೆಯೇ ಆಗದು. ದಡದ ಪೊದೆ, ಸೇತುವೆಯ ಕಂಬಿಗಳ ಜೇಡರಬಲೆ ನೋಡಿದರೆ ಕಳೆದ ರಾತ್ರಿ ಏನು ಹಾರಿತೆಂದು ತಿಳಿಯುತ್ತದೆ. ಹಗಲು ಏನೂ ಕಾಣದಿದ್ದರೂ ಕತ್ತಲಾದ ಕೂಡಲೇ ಮತ್ತು ಬೆಳಗಿನ ಮುಂಚೆ ನಿಂಫ್‌ಗಳು ಹಿಡಿತ ಬಿಟ್ಟು ಹರಿವಿನಲ್ಲಿ ಸಾಗುವುದು ಹೆಚ್ಚು.

ಟ್ರೌಟ್‌ನ ಹೊಟ್ಟೆ ನೋಡಿದರೆ ಎಲ್ಲ ತಿಳಿಯುವುದಿಲ್ಲವೇ?

ಇಟ್ಟುಕೊಳ್ಳುವ ಮೀನಾದರೆ ನೋಡಿ. ಹೊಟ್ಟೆಯಲ್ಲಿರುವುದನ್ನು ಬಿಳಿ ತಟ್ಟೆಯ ನೀರಿಗೆ ಬಿಡಿಸಿದರೆ, ಗಂಟಲ ಬಳಿಯದು ಇತ್ತೀಚಿನದು, ಹಿಂದಿನದು ಹಳೆಯದು. ಕಲ್ಲಿನ ಗೂಡು, ಗಟ್ಟಿ ಫಲಕ ನಿಧಾನ ಕರಗುತ್ತವೆ, ಮೆತ್ತನೆಯ ಮೇಫ್ಲೈ ಬೇಗ ಕರಗುತ್ತದೆ. ಹೀಗಾಗಿ ಎಣಿಕೆ ಕ್ಯಾಡಿಸ್ ಕಡೆಗೆ ವಾಲಿರುತ್ತದೆ. ಬಿಟ್ಟುಬಿಡುವ ಮೀನಿನ ಗಂಟಲಿಗೆ ಪಂಪು ಹಾಕುವ ಅಭ್ಯಾಸ ಒಳ್ಳೆಯದಲ್ಲ. ತಟ್ಟೆ, ಬಲೆ ಇರುವಾಗ ಅದರ ಅಗತ್ಯವೂ ಇಲ್ಲ.

ಮಾದರಿ ಕಾಪಿಡುವುದು ಹೇಗೆ?

70–80% ಆಲ್ಕೋಹಾಲಿನಲ್ಲಿ. ಹುಳದ ಜೊತೆ ಬಂದ ನೀರು ಅದನ್ನು ತೆಳುವಾಗಿಸುವುದರಿಂದ ಮರುದಿನ ಒಮ್ಮೆ ಬದಲಿಸಿ. ಜಾಗ, ತಾರೀಕು, ತೊರೆಯ ತಳದ ಬಗೆ ಬರೆದ ಚೀಟಿ ಸೀಸೆಯ ಒಳಗೇ ಇರಲಿ, ಪೆನ್ಸಿಲಿನಲ್ಲೇ ಬರೆಯಿರಿ. ಪೆನ್ನಿನ ಶಾಯಿ ಆಲ್ಕೋಹಾಲಿನಲ್ಲಿ ಕರಗುತ್ತದೆ. ಬಣ್ಣ ಮಾಸುತ್ತದೆ, ಹಸಿರಂತೂ ಬೇಗ ಹೋಗುತ್ತದೆ, ಮೊದಲೇ ಫೋಟೋ ತೆಗೆದಿಡಿ. ಮೇಫ್ಲೈ ಕಿವಿರು ಉದುರುವುದು ಹೆಚ್ಚಾಗಿ ಚಿಮುಟದಿಂದ, ಕುಂಚ ಬಳಸಿ. ಸೀಸೆಯನ್ನು ಬಾಯಿತನಕ ತುಂಬಿಸಿ, ಒಳಗೆ ಗಾಳಿಗುಳ್ಳೆ ಓಡಾಡಿದರೂ ಬಾಲ ಮುರಿಯುತ್ತದೆ.

ಒಂದು ತೊರೆಯಿಂದ ಇನ್ನೊಂದಕ್ಕೆ ಅದೇ ಬಲೆ ಒಯ್ಯಬಹುದೇ?

ತೊಳೆದು ಒಣಗಿಸದೆ ಬೇಡ. ಡಿಡಿಮೋ ಎಂಬ ಪಾಚಿ, ಪುಟ್ಟ ಬಸವನಹುಳು, ಮೀನಿನ ರೋಗಾಣುಗಳು ಒದ್ದೆ ಬಲೆ, ಬೂಟಿನಲ್ಲಿ ಸಾಗುತ್ತವೆ. ಅಂಟಿದ ಕಸ ಆಯಾ ತೊರೆಯಲ್ಲೇ ತೆಗೆದು, ತೊಳೆದು, ಮುಟ್ಟಿದರೆ ಒಣಗಿದೆ ಎನಿಸಿದ ಮೇಲೂ ಕನಿಷ್ಠ 48 ಗಂಟೆ ಬಿಡಿ. ಫೆಲ್ಟ್ ಅಡಿಯ ಬೂಟು ತಿಂಗಳಾನುಗಟ್ಟಲೆ ತೇವ ಹಿಡಿದಿಡದಿದ್ದರೂ ಒಣಗಲು ಬಹಳ ಸತಾಯಿಸುತ್ತದೆ. ಕೆಲವು ಕಡೆ ಅದಕ್ಕೆ ನಿಷೇಧವೇ ಇದೆ. ಕೀಟ ಸಂಗ್ರಹಕ್ಕೆ ಪರವಾನಗಿ ಬೇಕಾದ ಪ್ರದೇಶಗಳೂ ಇವೆ, ಬಲೆ ಹಾಕುವ ಮೊದಲು ವಿಚಾರಿಸಿ.

ಫೋಟೋ ಕೊಟ್ಟರೆ ಮೊಬೈಲ್ ಆ್ಯಪ್ ಹೆಸರು ಹೇಳುತ್ತದಲ್ಲ?

ಹೇಳುತ್ತದೆ, ಗುಂಪಿನ ಮಟ್ಟಕ್ಕೆ ಹೆಚ್ಚಾಗಿ ಸರಿಯಾಗಿಯೇ. ಜಾತಿಯ ಹೆಸರು ಬಂದರೆ ಅನುಮಾನಿಸಿ. ನಿಂಫ್‌ನ ಜಾತಿ ನಿರ್ಧಾರವಾಗುವುದು ಬಾಯಿಯ ಭಾಗಗಳಲ್ಲಿ, ಉಗುರಿನ ಹಲ್ಲುಗಳಲ್ಲಿ. ಮೇಲಿನಿಂದ ತೆಗೆದ ಒಂದು ಫೋಟೋದಲ್ಲಿ ಅವು ಇರುವುದೇ ಇಲ್ಲ. ಆ್ಯಪ್‌ಗಾಗಲಿ ತಜ್ಞರಿಗಾಗಲಿ ಕಳಿಸುವುದಾದರೆ ನಾಲ್ಕು ಫೋಟೋ ತೆಗೆಯಿರಿ: ತೆಳು ನೀರಿನಲ್ಲಿ ಕಿವಿರು ಬಿಚ್ಚಿಕೊಂಡಿರುವಾಗ ಬೆನ್ನಿನ ಕಡೆಯಿಂದ, ಮಗುಚಿ ಎದೆಯಡಿಯಿಂದ, ಪಕ್ಕದಿಂದ, ಮತ್ತು ಕಾಲಿನ ತುದಿಯನ್ನು ಮಸೂರದ ಮೂಲಕ. ಪಕ್ಕದಲ್ಲಿ ಅಳತೆಪಟ್ಟಿ ಇರಲಿ. ಹಾರುವ ಮೇಫ್ಲೈ ಆದರೆ ಗಂಡು ಸ್ಪಿನ್ನರ್ ಹುಡುಕಿ ಉದರದ ತುದಿಯ ಕೊಂಡಿಗಳ ಫೋಟೋ ಸೇರಿಸಿ, ಬಹಳಷ್ಟು ಜಾತಿಗಳು ಖಚಿತವಾಗುವುದು ಅದರಿಂದಲೇ. ಡನ್ ಮಾತ್ರ ಸಿಕ್ಕಿದ್ದರೆ ಗಾಳಿಯಾಡುವ ಡಬ್ಬಿಯಲ್ಲಿ ಒಂದು ಕಡ್ಡಿ ಇಟ್ಟು ನೆರಳಿನಲ್ಲಿ ಬಿಡಿ. ಡಬ್ಬಿ ಪೂರ್ತಿ ಒಣಗಬಾರದು, ಒಳಗೆ ನೀರಹನಿಯೂ ನಿಲ್ಲಬಾರದು. ಹನಿಗೆ ರೆಕ್ಕೆ ಅಂಟಿದರೆ ಪೊರೆ ಕಳಚಲಾರದೆ ಸಾಯುತ್ತದೆ. ಸಾಮಾನ್ಯವಾಗಿ ಮರುದಿನದ ಹೊತ್ತಿಗೆ ಸ್ಪಿನ್ನರ್ ಆಗಿರುತ್ತದೆ, ಪಕ್ಕದಲ್ಲಿ ಕಳಚಿದ ಪೊರೆಯೂ ಸಿಗುತ್ತದೆ. ಎರಡನ್ನೂ ಒಂದೇ ಸೀಸೆಗೆ ಹಾಕಿಡಿ.